ಮೊಳೆ ಅದ್ದಿದ ಮೇಲಿನ 20 ನಿಮಿಷ

ಈ ಬಾರಿಯ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಹತ್ತನೇ ತರಗತಿಯ ಸ್ಥಾನಪಲ್ಲಟ ಕ್ರಿಯೆ. ನಮಗೆಲ್ಲ ಪರಿಚಿತ ಚಟುವಟಿಕೆ. ಮರಳು ಕಾಗದದಿಂದ ಉಜ್ಜಿದ ಎರಡು ಕಬ್ಬಿಣದ ಮೊಳೆಗಳನ್ನು ದಾರದಲ್ಲಿ ಕಟ್ಟಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಇಳಿಬಿಡಬೇಕು, ಸುಮಾರು 20 ನಿಮಿಷದ ನಂತರ ತೆಗೆದು, ಪಕ್ಕಕ್ಕಿಟ್ಟ ಮೂರನೆಯ ಮೊಳೆಯೊಡನೆ ಹೋಲಿಸಬೇಕು. ಆ 20 ನಿಮಿಷವನ್ನು ನನ್ನ ಪಾಠ ಯೋಜನೆಯಲ್ಲಿ ಸಮೀಕರಣ ಬರೆಸಲು ಮೀಸಲಿಟ್ಟಿದ್ದೆ. ಮಕ್ಕಳ ಮುಖ ಕಪ್ಪುಹಲಗೆಯತ್ತ, ಪ್ರನಾಳ ಮೇಜಿನ ಮೂಲೆಯಲ್ಲಿ.

ಮೊದಲ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪ್ರನಾಳವನ್ನೇ ನೋಡುತ್ತಿದ್ದಳು. "ಮಿಸ್, ತಾಮ್ರ ಬಣ್ಣ ಬಳಿದ ಹಾಗೆ ಒಂದೇ ಸಲ ಅಂಟುತ್ತಾ, ಚುಕ್ಕೆ ಚುಕ್ಕೆಯಾಗಿ ಅಂಟುತ್ತಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಅದು ಪರೀಕ್ಷೆಗೆ ಬರಲ್ಲ, ಮೊದಲು ಇದನ್ನ ಬರ್ಕೋ" ಅಂದುಬಿಟ್ಟೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ 'ಸಮಯ ನಿರ್ವಹಣೆ ಉತ್ತಮ' ಎಂದು ಷರಾ ಬರೆದರು. ನನಗೆ ಬಂದ ಷರಾಗಳಲ್ಲಿ ಹೆಚ್ಚು ಚುಚ್ಚಿದ್ದು ಇದೇ.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಅವಳು ಕೇಳಿದಂಥ ಪ್ರಶ್ನೆಗಾಗಿ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೇ ಬೇರೆ ರೀತಿ ಬಳಸಬೇಕಾಯಿತು ಎಂದು. ಆ ಯಂತ್ರದೊಳಗೆ ನಿರ್ವಾತವಿರುತ್ತದೆ. ದ್ರವ ಇಟ್ಟರೆ ಆವಿಯಾಗಿ ಹೋಗುತ್ತದೆ. ಹಾಗಾಗಿ ದ್ರಾವಣದಲ್ಲಿ ನಡೆಯುವ ಕ್ರಿಯೆಯನ್ನು ಮುಗಿದ ಮೇಲೆ, ಒಣಗಿಸಿ ನೋಡುವುದೇ ರೂಢಿಯಾಗಿತ್ತು, ನಮ್ಮ ಮೊಳೆಯ ಹಾಗೆ. 2003ರಲ್ಲಿ ಐಬಿಎಂನ ಫ್ರಾನ್ಸೆಸ್ ರಾಸ್ ಮತ್ತು ಸಂಗಡಿಗರು, ಎಲೆಕ್ಟ್ರಾನುಗಳು ದಾಟಿಹೋಗುವಷ್ಟು ತೆಳುವಾದ ಎರಡು ಸಿಲಿಕಾನ್ ನೈಟ್ರೈಡ್ ಕಿಟಕಿಗಳ ನಡುವೆ ದ್ರಾವಣವನ್ನು ಮುಚ್ಚಿಟ್ಟು, ಕ್ರಿಯೆ ನಡೆಯುತ್ತಿರುವಾಗಲೇ ನೋಡಿದರು. ಅದು ಯಾವ ದ್ರಾವಣ ಗೊತ್ತೇ? ಆಮ್ಲ ಬೆರೆಸಿದ ತಾಮ್ರದ ಸಲ್ಫೇಟ್! ತಾಮ್ರ ಅಲ್ಲಲ್ಲಿ ಬಿಡಿಬಿಡಿ ಕಣಗುಚ್ಛಗಳಾಗಿ ಮೂಡಿ ಬೆಳೆಯುವುದು ಅವರಿಗೆ ಕಂಡಿತು. ಅಲ್ಲಿ ಎಲೆಕ್ಟ್ರಾನು ಕೊಟ್ಟದ್ದು ವಿದ್ಯುತ್ತು, ತಾಮ್ರ ಕೂತದ್ದು ಚಿನ್ನದ ವಿದ್ಯುದಗ್ರದ ಮೇಲೆ. ನಮ್ಮ ಪ್ರನಾಳದಲ್ಲಿ ಎಲೆಕ್ಟ್ರಾನು ಕೊಡುವುದು ಕಬ್ಬಿಣವೇ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬೇಕು. ಆದರೂ ತೂಕ ಅವಳ ಎರಡನೆಯ ಊಹೆಯ ಕಡೆಗೇ ಇದೆ.

ನನ್ನ ತಕರಾರು ಇಷ್ಟು: ನಾವು ರಾಸಾಯನಿಕ ಕ್ರಿಯೆಯನ್ನು 'ಮೊದಲು' ಮತ್ತು 'ನಂತರ' ಎಂಬ ಎರಡು ಚಿತ್ರಗಳಾಗಿ ಕಲಿಸುತ್ತಿದ್ದೇವೆ. ಸಮೀಕರಣದ ಬಾಣದ ಗುರುತಿನೊಳಗೆ ಏನಾಗುತ್ತದೆ ಎಂದು ಕೇಳುವುದಿಲ್ಲ, ಕೇಳಿದವರನ್ನು ಸುಮ್ಮನಿರಿಸುತ್ತೇವೆ. 2009ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಪ್ಲಾಟಿನಂ ನ್ಯಾನೊಹರಳುಗಳು ದ್ರಾವಣದಲ್ಲಿ ಬೆಳೆಯುವುದನ್ನು ಹೀಗೆಯೇ ನೋಡಿದರು. ಕೆಲವು ಹರಳುಗಳು ಸುತ್ತಲಿನ ಕಣಗಳನ್ನು ಒಂದೊಂದಾಗಿ ಸೇರಿಸಿಕೊಂಡು ಬೆಳೆದವು. ಕೆಲವು ಒಂದಕ್ಕೊಂದು ಕೂಡಿಕೊಂಡು ದೊಡ್ಡವಾದವು, ಕೂಡಿದ ಮೇಲೆ ಸ್ವಲ್ಪ ಹೊತ್ತು ಬೆಳವಣಿಗೆ ನಿಲ್ಲಿಸಿದವು. ಕೊನೆಗೆ ಎರಡೂ ಬಗೆಯವು ಹೆಚ್ಚುಕಡಿಮೆ ಒಂದೇ ಗಾತ್ರ. 'ನಂತರ'ದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಈ ಎರಡು ದಾರಿಗಳು ಅದರಲ್ಲಿ ಕಾಣುತ್ತಿರಲಿಲ್ಲ.

ಸ್ಮಾರ್ಟ್ ಕ್ಲಾಸಿನಲ್ಲಿ ಅನಿಮೇಷನ್ ತೋರಿಸಿದರೆ ಸಾಲದೇ ಎಂದು ಗೆಳತಿಯರು ಕೇಳಿದರು. ಸಾಲದು. ಅನಿಮೇಷನ್ ನಮಗೆ ಆಗಲೇ ಗೊತ್ತಿದ್ದುದನ್ನೇ ಬಿಡಿಸಿ ತೋರಿಸುತ್ತದೆ. ಲೋಹ ಬಾಗುವುದು ಹರಳಿನೊಳಗಿನ ಸಾಲುದೋಷಗಳ ಜಾರುವಿಕೆಯಿಂದ ಎಂದು 1934ರಲ್ಲೇ ಟೇಲರ್, ಒರೊವಾನ್ ಮತ್ತು ಪೊಲಾನ್ಯಿ ಬೇರೆಬೇರೆಯಾಗಿ ಹೇಳಿದ್ದರು. ಅವು ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಚಲಿಸುವುದನ್ನು ಕೇಂಬ್ರಿಜ್‌ನಲ್ಲಿ ಹರ್ಷ್, ಹಾರ್ನ್ ಮತ್ತು ವೀಲನ್ ಕಣ್ಣಾರೆ ಕಂಡದ್ದು 1956ರಲ್ಲಿ. ನಡುವಿನ 22 ವರ್ಷ ಚಿತ್ರ ಬರೆಯಲು ಅಡ್ಡಿಯೇನೂ ಇರಲಿಲ್ಲ, ಆದರೆ ಚಿತ್ರ ಸಾಕ್ಷಿಯಾಗುವುದಿಲ್ಲವಲ್ಲ.

ಹಾಗೆಂದು ಸೂಕ್ಷ್ಮದರ್ಶಕದ ವೀಡಿಯೊ ತೋರಿಸಿ 'ಇದೇ ಸತ್ಯ' ಎಂದರೂ ತಪ್ಪೇ. ಬರ್ಕಲಿಯ ಪ್ರಯೋಗದಲ್ಲಿ ನೋಡಲು ಹಾಯಿಸಿದ ಎಲೆಕ್ಟ್ರಾನ್ ಕಿರಣವೇ ಪ್ಲಾಟಿನಂ ಲವಣವನ್ನು ಅಪಕರ್ಷಿಸಿ ಹರಳು ಮೂಡುವಂತೆ ಮಾಡಿತ್ತು. (ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತ ದಿನ ನಮ್ಮ ತರಗತಿಯೂ ತರಗತಿಯಂತಿರುವುದಿಲ್ಲ. ಅವರಿಗೂ ಇದು ಗೊತ್ತು.) ಅದಕ್ಕೇ ಈ ಕ್ಷೇತ್ರದವರು ಕಿರಣವನ್ನು ತಗ್ಗಿಸಿ, ಆರಿಸಿ, ಫಲಿತಾಂಶ ಬದಲಾಗುತ್ತದೆಯೇ ಎಂದು ಹೋಲಿಸಿ ನೋಡುತ್ತಾರೆ. ಪಕ್ಕಕ್ಕಿಟ್ಟ ಮೂರನೆಯ ಮೊಳೆ ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಅವಧಿ ಇರುವುದೇ 40 ನಿಮಿಷ ಎಂಬುದು ನಿಜ. ಸಮೀಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಮರುದಿನ ಬರೆಸಬಹುದು, ಮೊಳೆ ಅದ್ದಿದ ಮೊದಲ ನಿಮಿಷ ಮರುದಿನಕ್ಕೆ ಉಳಿಯುವುದಿಲ್ಲ. ಉಜ್ಜಿದ ಮೊಳೆಯ ಮೇಲೆ ಕಂದು ಬಣ್ಣ ಬೇಗನೆ ಕಾಣತೊಡಗುತ್ತದೆ, 20 ನಿಮಿಷ ಕಾಯಬೇಕಿಲ್ಲ. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ 'ನಡುವೆ ಮಕ್ಕಳು ಕಂಡದ್ದು' ಎಂದು ಒಂದು ಅಂಕಣ ಇರಲಿ, ಅವಲೋಕನ ಪುಸ್ತಕದಲ್ಲಿ ಅದಕ್ಕೂ ಅಂಕವಿರಲಿ ಎಂಬುದು ನನ್ನ ಕೋರಿಕೆ. ಅಂಕವಿಲ್ಲದ ಅಂಕಣವನ್ನು ನಾವು ಪ್ರಶಿಕ್ಷಣಾರ್ಥಿಗಳು ಹೇಗೆ ತುಂಬುತ್ತೇವೆ ಎಂಬುದು ಎಲ್ಲರಿಗೂ ಗೊತ್ತು.

ಮುಂದಿನ ವಾರ ಅದೇ ಶಾಲೆಯಲ್ಲಿ ನನ್ನ ಕೊನೆಯ ಪಾಠವಿದೆ. ಪ್ರತಿ ಗುಂಪಿಗೊಂದು ಪ್ರನಾಳ, ಒಂದು ಭೂತಗನ್ನಡಿ ಕೊಡುತ್ತೇನೆ. ಮೊದಲ ಬೆಂಚಿನವಳಿಗೆ ನಾನು ಉತ್ತರವೊಂದನ್ನು ಬಾಕಿ ಉಳಿಸಿಕೊಂಡಿದ್ದೇನೆ.