ಬಿಯರ್ಡ್ ಪಂಡಿತನ ಶ್ರದ್ಧಾವಾದ

ಚರಿತ್ರೆಯೆಂಬುದು ಬರೆಯುವವನ ಪಕ್ಷಪಾತವೇ ಹೊರತು ಬೇರೇನೂ ಅಲ್ಲವೆಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಬಹಳ ಸಲೀಸಾಗಿ ಓಡಾಡುತ್ತಿದೆ. ಒಬ್ಬನು ಒಂದು ದಾಖಲೆಯನ್ನು ಮುಂದಿಟ್ಟರೆ ಮತ್ತೊಬ್ಬನು ದಾಖಲೆಯನ್ನು ಓದದೆ ಮುಂದಿಟ್ಟವನ ಕುಲಗೋತ್ರಗಳನ್ನು ವಿಚಾರಿಸುತ್ತಾನೆ; ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಇಂಥವರಲ್ಲಿ ಸ್ವಲ್ಪ ಹೆಚ್ಚಾಗಿ ಓದಿದವರು ಅಮೆರಿಕಾ ದೇಶದ ಚರಿತ್ರಕಾರ ಚಾರ್ಲ್ಸ್ ಆಸ್ಟಿನ್ ಬಿಯರ್ಡನನ್ನು ಸಾಕ್ಷಿಗೆ ಕರೆಯುವುದುಂಟು. ಸಾಕ್ಷಿ ಸಾಮಾನ್ಯನಲ್ಲ. ಆದುದರಿಂದಲೇ ಆತನು ಮಾಡಿದ್ದೇನು, ಹೇಳಿದ್ದೇನು, ಇವೆರಡಕ್ಕೂ ಹೊಂದಿಕೆಯುಂಟೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಬಿಯರ್ಡನು 1874 ರಲ್ಲಿ ಇಂಡಿಯಾನಾ ಪ್ರಾಂತದಲ್ಲಿ ಅನುಕೂಲಸ್ಥ ರೈತನ ಮಗನಾಗಿ ಹುಟ್ಟಿದನು. ಆಕ್ಸ್‌ಫರ್ಡಿಗೆ ಹೋಗಿದ್ದಾಗ 1899 ರಲ್ಲಿ ಅಲ್ಲಿಯ ಕೂಲಿಕಾರರ ವಿದ್ಯಾಭ್ಯಾಸಕ್ಕಾಗಿ ರಸ್ಕಿನ್ ಹಾಲ್ ಎಂಬ ಸಂಸ್ಥೆಯನ್ನು ಕಟ್ಟುವುದಕ್ಕೆ ಕೈಗೂಡಿಸಿದನು. ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1904 ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಅಲ್ಲಿಯೇ ಅಧ್ಯಾಪಕನಾದನು.

ಆತನ ಹೆಸರನ್ನು ದೇಶದ ಬಾಯಲ್ಲಿ ಹಾಕಿದ್ದು 1913 ರ ಗ್ರಂಥ; ಅಮೆರಿಕಾದ ರಾಜ್ಯಾಂಗವನ್ನು ಆರ್ಥಿಕ ದೃಷ್ಟಿಯಿಂದ ವ್ಯಾಖ್ಯಾನಿಸಿದುದು. 1787 ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತು ಆ ರಾಜ್ಯಾಂಗವನ್ನು ರಚಿಸಿದ 55 ಮಂದಿಯನ್ನು ಆ ದೇಶದ ಶಾಲಾಪುಸ್ತಕಗಳು ದೇವಾಂಶಸಂಭೂತರೆಂಬಂತೆ ವರ್ಣಿಸುತ್ತಿದ್ದುವು. ಬಿಯರ್ಡನು ಅವರ ಭಾಷಣಗಳನ್ನು ಬದಿಗಿಟ್ಟು ವಾಷಿಂಗ್ಟನ್ನಿನ ಖಜಾನೆಯಲ್ಲಿ ಧೂಳು ಹಿಡಿದಿದ್ದ ಲೆಕ್ಕದ ಪುಸ್ತಕಗಳನ್ನು ಬಿಡಿಸಿದನು. ಸ್ವಾತಂತ್ರ್ಯಯುದ್ಧದ ಕಾಲದ ಸರ್ಕಾರಿ ಸಾಲಪತ್ರಗಳು ಆಗ ಬೆಲೆ ಕುಸಿದು ಬಿದ್ದಿದ್ದುವು. ಕಂದಾಯವನ್ನೆತ್ತಬಲ್ಲ ಬಲವಾದ ಕೇಂದ್ರಸರ್ಕಾರವೊಂದು ಏರ್ಪಟ್ಟರೆ ಅವುಗಳ ಬೆಲೆ ಏರುವುದು ನಿಶ್ಚಯ. ಆ 55 ಮಂದಿಯಲ್ಲಿ 40 ಮಂದಿಯ ಹೆಸರು ಆ ಲೆಕ್ಕದಲ್ಲಿ ಸಿಕ್ಕಿತು. ಕನಿಷ್ಠ 24 ಮಂದಿ ಬಡ್ಡಿಗೆ ಹಣ ಕೊಟ್ಟವರು. ಕನಿಷ್ಠ 14 ಮಂದಿ ಲಾಭಕ್ಕಾಗಿ ನೆಲವನ್ನು ಕೊಂಡು ಮಾರುವವರು. ಕನಿಷ್ಠ 15 ಮಂದಿ ಗುಲಾಮರ ಒಡೆಯರು. ಇವರು ತಮ್ಮ ಜೇಬಿಗಾಗಿಯೇ ರಾಜ್ಯಾಂಗವನ್ನು ಬರೆದರೆಂದು ತಾನು ಹೇಳುತ್ತಿಲ್ಲವೆಂದು ಆತನು ಸ್ಪಷ್ಟವಾಗಿಯೇ ಬರೆದಿದ್ದನು. ಬೈಯುವುದಕ್ಕೆ ಸಿದ್ಧರಾದವರಿಗೆ ಆ ವಾಕ್ಯವು ಕಾಣಲಿಲ್ಲ. ಹೊಗಳುವವರಿಗೂ ಕಾಣಲಿಲ್ಲವೆಂಬುದು ಇನ್ನೂ ವಿಚಿತ್ರ.

ಯಾರಿಗೆ ಲಾಭವೆಂದು ಕೇಳುವುದು ಸಾಧುವಾದ ಪ್ರಶ್ನೆ. ಪ್ರಯೋಜನವಿಲ್ಲದೆ ಮಂದನೂ ಪ್ರವರ್ತಿಸುವುದಿಲ್ಲವೆಂಬುದನ್ನು ಶಾಸ್ತ್ರವನ್ನು ಮೂರು ದಿನ ಓದಿದವನೂ ಬಲ್ಲನು. ಆದರೆ ಪ್ರಯೋಜನವು ಪ್ರವೃತ್ತಿಗೆ ಕಾರಣವೇ ಹೊರತು ವಾಕ್ಯದ ಸತ್ಯಾಸತ್ಯಗಳಿಗೆ ಪ್ರಮಾಣವಲ್ಲ. ವೈದ್ಯನಿಗೆ ಔಷಧದ ಮಾರಾಟದಿಂದ ಲಾಭವುಂಟೆಂದ ಮಾತ್ರಕ್ಕೆ ರೋಗಿಗೆ ಜ್ವರವಿಲ್ಲವೆಂದಾಗದು.

1917 ರಲ್ಲಿ ಬಿಯರ್ಡನ ಬದುಕಿನ ಅತ್ಯಂತ ಗೌರವದ ಪ್ರಸಂಗವು ನಡೆಯಿತು. ಅಮೆರಿಕಾ ದೇಶವು ಯುದ್ಧಕ್ಕಿಳಿದಿತ್ತು. ಸರ್ಕಾರದ ಯುದ್ಧನೀತಿಯನ್ನು ವಿರೋಧಿಸಿದರೆಂಬ ಕಾರಣದಿಂದ ಕೊಲಂಬಿಯಾದ ಆಡಳಿತ ಮಂಡಲಿಯವರು ಕ್ಯಾಟೆಲ್ ಮತ್ತು ಡೇನಾ ಎಂಬ ಇಬ್ಬರು ಅಧ್ಯಾಪಕರನ್ನು ಕೆಲಸದಿಂದ ತೆಗೆದರು. ಬಿಯರ್ಡನು ಯುದ್ಧದ ಪಕ್ಷದವನು. ಜರ್ಮನಿಯನ್ನು ಸೋಲಿಸಬೇಕೆಂದು ಬಹಿರಂಗವಾಗಿ ವಾದಿಸುತ್ತಿದ್ದವನು. ಹಾಗಿದ್ದರೂ ತನಗೆ ಸಮ್ಮತವಲ್ಲದ ಮಾತನ್ನಾಡಿದವರ ನಿಮಿತ್ತವಾಗಿ ಅಕ್ಟೋಬರ್ ತಿಂಗಳಲ್ಲಿ ರಾಜೀನಾಮೆಯನ್ನು ಎಸೆದು ಹೊರಬಂದನು. 1919 ರಲ್ಲಿ ಸ್ನೇಹಿತರೊಡನೆ ಸೇರಿ ಹೊಸ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದನು; ಮುಂದೆ ಬಹುಪಾಲು ತನ್ನ ಗ್ರಂಥಗಳನ್ನೂ ಕನೆಕ್ಟಿಕಟ್ಟಿನ ಹಸುಗಳನ್ನೂ ನೆಚ್ಚಿಕೊಂಡು ಬಾಳಿದನು. ಸಂಬಳದ ಆಸೆಯಿಂದ ಮಾತನ್ನು ಹಿಡಿದಿಡುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಇರುವುದರಿಂದ ಈ ಸಂಗತಿಯನ್ನು ಎರಡು ಸಲ ಓದಿದರೆ ನಷ್ಟವಿಲ್ಲ.

ಇಂಥವನು 1933 ರ ಡಿಸೆಂಬರಿನಲ್ಲಿ ಅಮೆರಿಕಾದ ಚರಿತ್ರಕಾರರ ಸಂಘದ ಅಧ್ಯಕ್ಷಪೀಠದಿಂದ, ಬರೆದ ಇತಿಹಾಸವೆಲ್ಲವೂ ಒಂದು ಶ್ರದ್ಧಾಕಾರ್ಯವೆಂದು ಸಾರಿದನು. ಸಂಗತಿಗಳು ಅನಂತ, ಚರಿತ್ರಕಾರನು ಆರಿಸಿಕೊಳ್ಳಲೇಬೇಕು, ಆರಿಸುವ ಬುದ್ಧಿಯು ಅವನ ಕಾಲದಿಂದಲೂ ವರ್ಗದಿಂದಲೂ ಬಂದದ್ದು, ಲೋಕವು ಯಾವ ಕಡೆಗೆ ಸಾಗುತ್ತಿದೆಯೆಂಬ ಅವನ ನಂಬಿಕೆಯೇ ಅವನ ಗ್ರಂಥಕ್ಕೆ ಆಕಾರವನ್ನು ಕೊಡುತ್ತದೆ, ಎಂಬುದು ವಾದದ ಸಾರ. ಬಿಡಿ ಸಂಗತಿಗಳ ಶೋಧನೆಗೆ ಶಾಸ್ತ್ರೀಯ ಕ್ರಮವು ಬೇಕೇ ಬೇಕೆಂದು ಆತನು ಒಪ್ಪಿದ್ದನು. ಆತನ ಹೆಸರನ್ನು ಎತ್ತುವವರು ಈ ಭಾಗವನ್ನು ಮಾತ್ರ ಜಾಣತನದಿಂದ ಮರೆಯುತ್ತಾರೆ.

ಈ ವಾದವು ನಿಲ್ಲುವುದೇ? ಕಾಮಾಲೆಯವನಿಗೆ ಶಂಖವು ಹಳದಿಯಾಗಿ ಕಾಣುವುದೆಂಬ ದೃಷ್ಟಾಂತವು ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಅದರಿಂದ ಶಂಖಕ್ಕೆ ಬಣ್ಣವೇ ಇಲ್ಲವೆಂದು ಯಾವ ತಾರ್ಕಿಕನೂ ಸಿದ್ಧಾಂತ ಮಾಡಲಿಲ್ಲ. ಕಣ್ಣಿನಲ್ಲಿ ದೋಷವುಂಟೆಂದು ಮಾಡಿದನು. ದೋಷವುಂಟೆಂದು ಗೊತ್ತಾಗುವುದಾದರೂ ಹೇಗೆ? ದೋಷವಿಲ್ಲದ ಕಣ್ಣು ಶಂಖವನ್ನು ಬೆಳ್ಳಗೆ ಕಂಡದ್ದರಿಂದ. ಚರಿತ್ರಕಾರರು ಪಕ್ಷಪಾತಿಗಳೆಂದು ಹೇಳಬೇಕಾದರೂ ಪಕ್ಷಪಾತಕ್ಕೆ ಹೊರಗಾದ ಸಂಗತಿಯೊಂದನ್ನು ಹಿಡಿದೇ ಹೇಳಬೇಕು. ಬಿಯರ್ಡನು 1913 ರಲ್ಲಿ ಹಿಡಿದದ್ದು ಅಂಥ ಸಂಗತಿಯನ್ನೇ, ಖಜಾನೆಯ ಲೆಕ್ಕವನ್ನೇ. ಎಲ್ಲವೂ ಕಾಲಸಾಪೇಕ್ಷವೆಂಬ ಮಾತು ತಾನೂ ಕಾಲಸಾಪೇಕ್ಷವಾಗುವುದೆಂಬ ಆಕ್ಷೇಪವನ್ನು ಆತನೇ ಕಂಡಿದ್ದನು. ಕಂಡೂ ದಾಟಿ ಹೋದನೇ ಹೊರತು ಪರಿಹರಿಸಲಿಲ್ಲ. ಎಲ್ಲವೂ ಶ್ರದ್ಧೆಯೇ ಆಗಿದ್ದರೆ ಕೊಲಂಬಿಯಾದ ಆಡಳಿತ ಮಂಡಲಿಯವರದೂ ಒಂದು ಶ್ರದ್ಧೆ, ಕ್ಯಾಟೆಲ್ಲನದೂ ಒಂದು ಶ್ರದ್ಧೆ. 1917 ರಲ್ಲಿ ರಾಜೀನಾಮೆಗೆ ಕಾರಣವೆಲ್ಲಿತ್ತು?

ಆತನ ಕೊನೆಯ ಗ್ರಂಥವೇ ಆತನ ಸಿದ್ಧಾಂತಕ್ಕೆ ದೊಡ್ಡ ಬಾಧಕ. 1948 ರಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳುಗಳ ಮುಂಚೆ, ಅಧ್ಯಕ್ಷ ರೂಸ್‌ವೆಲ್ಟನು ಹೊರಗೆ ಶಾಂತಿಯ ಮಾತನ್ನಾಡುತ್ತ ಒಳಗೆ ದೇಶವನ್ನು ಯುದ್ಧದ ಕಡೆಗೆ ನಡೆಸಿದನೆಂದು ಸುಮಾರು ಆರು ನೂರು ಪುಟಗಳಲ್ಲಿ ಆರೋಪಿಸಿದನು. ಆ ಹೊತ್ತಿಗೆ ಆತನು ಅನೇಕ ವರ್ಷಗಳಿಂದ ಯುದ್ಧವಿರೋಧಿಯಾಗಿದ್ದನು. ಮಾರಿಸನ್ ಎಂಬ ಹಾರ್ವರ್ಡಿನ ಚರಿತ್ರಕಾರನು ಅದೇ ವರ್ಷ ಈ ಗ್ರಂಥದ ಮೇಲೆ ಕಟುವಾಗಿ ಎರಗಿದನು. ಬಿಯರ್ಡನು, ಇದು ನನ್ನ ಶ್ರದ್ಧೆ, ನಿಮ್ಮದನ್ನು ನೀವು ಇಟ್ಟುಕೊಳ್ಳಿರಿ ಎಂದು ಬರೆದಿದ್ದನೇ? ಇಲ್ಲ. ಪರ್ಲ್ ಹಾರ್ಬರಿನ ದುರಂತವನ್ನು ಕುರಿತು ಅಮೆರಿಕಾದ ಶಾಸನಸಭೆಯ ಸಮಿತಿಯು ಸಂಗ್ರಹಿಸಿದ ಸಾಕ್ಷ್ಯಗಳನ್ನೂ ಯುದ್ಧಮಂತ್ರಿ ಸ್ಟಿಮ್ಸನ್ನನ ದಿನಚರಿಯನ್ನೂ ಮುಂದಿಟ್ಟು, ಓದಿ ನೋಡಿರೆಂದನು. ಗ್ರಂಥದ ನಿರ್ಣಯವು ಒಪ್ಪತಕ್ಕದ್ದೋ ಅಲ್ಲವೋ, ಅದು ಬೇರೆ ವಿಷಯ. ಅದನ್ನು ಪರೀಕ್ಷಿಸುವ ದಾರಿಯು ಮಾತ್ರ ಆತನೇ ತೋರಿದ ದಾಖಲೆಗಳ ದಾರಿ. ಪೀಠದಿಂದ ಸಾರಿದ ಶ್ರದ್ಧೆಯ ದಾರಿಯಲ್ಲ.

ಬಿಯರ್ಡನು ಹೇಳಿದ್ದು ಆಮೇಲೆ ಬಿದ್ದುಹೋಯಿತಲ್ಲ, ಆದುದರಿಂದ ಇತಿಹಾಸದಲ್ಲಿ ಯಾವುದೂ ಸ್ಥಿರವಲ್ಲವೆಂದು ಕೆಲವರು ವಾದಿಸುವರು. ಬಿದ್ದದ್ದು ಹೇಗೆಂಬುದನ್ನು ಅವರು ವಿಚಾರಿಸುವುದಿಲ್ಲ. 1956 ರಲ್ಲಿ ರಾಬರ್ಟ್ ಬ್ರೌನನು ಅದೇ ಖಜಾನೆಯ ಲೆಕ್ಕಗಳನ್ನು ಹಿಡಿದು, ಇವು 1787 ಕ್ಕಿಂತ ಈಚಿನವು, ಸಭೆ ಸೇರಿದಾಗ ಆ ಪತ್ರಗಳು ಇವರ ಕೈಯಲ್ಲಿದ್ದುವೆಂಬುದಕ್ಕೆ ಆಧಾರವಾಗಲಾರವು ಎಂದು ತೋರಿಸಿದನು. 1958 ರಲ್ಲಿ ಫಾರೆಸ್ಟ್ ಮೆಕ್‌ಡೊನಾಲ್ಡನು ಸಭಿಕರ ಆಸ್ತಿಪಾಸ್ತಿಗಳನ್ನು ಒಬ್ಬೊಬ್ಬರದಾಗಿ ಪರಿಶೋಧಿಸಿ, ಅವರು ಬಿಯರ್ಡನು ಎಳೆದ ಗೆರೆಯಂತೆ ಪಕ್ಷಗಳಾಗಿ ಒಡೆದಿರಲಿಲ್ಲವೆಂದನು. ಶ್ರದ್ಧೆಯನ್ನು ಶ್ರದ್ಧೆಯಿಂದ ಹೊಡೆದದ್ದಲ್ಲ ಇದು. ಲೆಕ್ಕವನ್ನು ಲೆಕ್ಕದಿಂದ ತಿದ್ದಿದ್ದು.

ಬಿಯರ್ಡನ ಕಣ್ಣಿನ ಕಾಮಾಲೆಯೂ ಹೀಗೆಯೇ ಹೊರಬಿದ್ದಿತು. ಗುಲಾಮರನ್ನು ಆತನು ಸೊತ್ತಿನ ಪಟ್ಟಿಯಲ್ಲಿ, ಸಾಲಪತ್ರ ಹಡಗುಗಳ ಸಾಲಿನಲ್ಲಿ ಎಣಿಸಿದನು. ಎಣಿಸಿ ಮುಂದಕ್ಕೆ ನಡೆದನು. ಪತ್ನಿಯಾದ ಮೇರಿ ಬಿಯರ್ಡಳೊಡನೆ 1927 ರಲ್ಲಿ ಬರೆದ ದೊಡ್ಡ ಚರಿತ್ರೆಯಲ್ಲಿ 1861 ರ ಅಂತರ್ಯುದ್ಧವು ಉತ್ತರದ ಕಾರ್ಖಾನೆಗೂ ದಕ್ಷಿಣದ ತೋಟಕ್ಕೂ ನಡೆದ ಹೋರಾಟವಾಯಿತು. ಗುಲಾಮಗಿರಿಯು ಹಿಂದಕ್ಕೆ ಸರಿಯಿತು. ಇದನ್ನು 1935 ರಲ್ಲಿ ನೀಗ್ರೋ ಪಂಡಿತನಾದ ಡುಬಾಯ್ಸನು ಎತ್ತಿ ಆಡಿದನು. ಯಂತ್ರದಂತೆ ಉರುಳುವ ಆ ಕಥೆಯಲ್ಲಿ ಮನುಷ್ಯರೇ ಕಾಣೆಯಾಗಿದ್ದಾರೆಂಬುದು ಆತನ ದೂರು. ಫಿಲಡೆಲ್ಫಿಯಾದ ರಾಜ್ಯಾಂಗವು ಪ್ರತಿನಿಧಿಗಳ ಲೆಕ್ಕಕ್ಕಾಗಿ ಗುಲಾಮರ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನು ಮಾತ್ರ ಹಿಡಿದಿತ್ತು. 1808 ಕ್ಕೆ ಮುಂಚೆ ಗುಲಾಮರ ಆಮದನ್ನು ನಿಷೇಧಿಸಕೂಡದೆಂದೂ ವಿಧಿಸಿತ್ತು. ಅದನ್ನು ಬರೆದ ಸಭೆಯಲ್ಲಿ ಗುಲಾಮರ ಒಡೆಯರು ಕನಿಷ್ಠ 15 ಮಂದಿಯೆಂದು ಬಿಯರ್ಡನು ಲೆಕ್ಕ ಕೊಟ್ಟಿದ್ದನು. ಈಚಿನ ಚರಿತ್ರಕಾರರು ಹಳೆಯ ಕಾಗದಪತ್ರಗಳನ್ನು ಮತ್ತೆ ತಡವಿ ಕೊಟ್ಟಿರುವ ಲೆಕ್ಕ ಸುಮಾರು 25.