ಮುಟ್ಟು ಏರುಪೇರಾದರೆ ಗರ್ಭಕೋಶದ ತಪ್ಪೇನು?

ಗಂಗಾವತಿ ತಾಲ್ಲೂಕಿನ ಮರಳಿಯಿಂದ ಒಬ್ಬ ಅಕ್ಕ ಈ ಪುಟಕ್ಕೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 44. ಎರಡು ಮಕ್ಕಳು, ಮಕ್ಕಳಾಗದ ಆಪರೇಷನ್ ಯಾವಾಗಲೋ ಆಗಿದೆ. ಒಂದು ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ 20 ದಿನಕ್ಕೇ ಬರುತ್ತದೆ, ಇನ್ನೊಮ್ಮೆ ಎರಡು ತಿಂಗಳಾದರೂ ಸುಳಿವಿಲ್ಲ. ಬರುವ ವಾರ ಮುಂಚೆ 'ಹೊಟ್ಟಿ ಹಲಗಿ ಆದಂಗ ಆಗತೈತ್ರಿ' ಎನ್ನುತ್ತಾರೆ. ತೇಗು, ಎದೆ ಉರಿ, ಮೂರು ದಿನ ಮಲಬದ್ಧತೆ, ಮುಟ್ಟಾದ ದಿನ ಭೇದಿ.

ತೋರಿಸಲು ಹೋದ ಕಡೆ ಸ್ಕ್ಯಾನಿಂಗ್ ಕೂಡ ಮಾಡದೆ, 'ಗರ್ಭಚೀಲ ಕೆಟ್ಟೈತಿ, ತೆಗೆಸಿಬಿಡ್ರಿ, ಮುಂದ ಕ್ಯಾನ್ಸರ್ ಆದೀತು' ಅಂದರಂತೆ. ಗೃಹಲಕ್ಷ್ಮಿ ಹಣ ಕೂಡಿಟ್ಟದ್ದಿದೆ, ಕಡಿಮೆ ಬಿದ್ದದ್ದಕ್ಕೆ ಸಂಘದಲ್ಲಿ ಸಾಲ ಎತ್ತಬೇಕು, ಭತ್ತದ ನಾಟಿ ಶುರುವಾಗುವುದರೊಳಗೆ ಮುಗಿಸಿಬಿಡೋಣ ಅಂತ ಮನೆಯವರ ವಿಚಾರ. ಪತ್ರದ ಕೊನೆಗೆ ಒಂದೇ ಪ್ರಶ್ನೆ: 'ತೆಗೆಸಿದ್ರ ಈ ಗ್ಯಾಸೂ ಹೋಗತೈತೇನ್ರಿ?'

ಅಕ್ಕಾ, ಗರ್ಭಕೋಶ ತೆಗೆಸಿದರೆ ಗ್ಯಾಸ್ ಹೋಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಪತ್ರದಲ್ಲಿ ನೀವು ಬರೆದಿರುವ ಲಕ್ಷಣಗಳಷ್ಟರಿಂದಲೇ ಗರ್ಭಕೋಶ ಕೆಟ್ಟಿದೆ ಎಂದು ತೀರ್ಮಾನಿಸಲೂ ಬರುವುದಿಲ್ಲ. ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ನಲವತ್ತು ದಾಟಿದ ಎಷ್ಟೋ ಮಹಿಳೆಯರು ಯಾರನ್ನೂ ಕೇಳದೆ ನುಂಗಿಕೊಂಡ ಪ್ರಶ್ನೆ. ಹಾಗಾಗಿ ಇವತ್ತು ಸ್ವಲ್ಪ ವಿವರವಾಗಿಯೇ ಮಾತಾಡೋಣ.

ಒಳಗೆ ನಡೆಯುವುದೇನು?

ಮುಟ್ಟು ನಿಲ್ಲುವುದು ನಲ್ಲಿ ಬಂದ್ ಮಾಡಿದ ಹಾಗೆ ಒಂದೇ ದಿನಕ್ಕೆ ಆಗುವುದಿಲ್ಲ. ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ಹೊಲದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ದಿನ ನೀರು ತುಂಬಿ ಬರುತ್ತದೆ, ನಾಲ್ಕು ದಿನ ಬರುವುದೇ ಇಲ್ಲ. ಅಂಡಾಶಯದ ಹಾರ್ಮೋನುಗಳದ್ದೂ ಕೊನೆಯ ವರ್ಷಗಳಲ್ಲಿ ಇದೇ ಆಟ.

ಸತತ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ 'ನಿಂತಿತು' ಎನ್ನುತ್ತಾರೆ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಇದು ಸರಾಸರಿ 46-47ರ ಹೊತ್ತಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಅದಕ್ಕೂ ಕೆಲವು ವರ್ಷ ಮೊದಲೇ ಏರುಪೇರು ಶುರುವಾಗುತ್ತದೆ. ಅಂದರೆ 44ಕ್ಕೆ ಲೆಕ್ಕ ತಪ್ಪುವುದು ಅಪರೂಪವೇನಲ್ಲ. 40ರೊಳಗೇ ಮುಟ್ಟು ನಿಂತರೆ ಮಾತ್ರ ಅದು ಬೇರೆ ವಿಷಯ, ಕಾರಣ ಹುಡುಕಲೇಬೇಕು.

ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಾಗುವುದಿಲ್ಲ. ಗರ್ಭಕೋಶದ ಒಳಪದರ ಸುಮ್ಮನೆ ದಪ್ಪವಾಗುತ್ತಾ ಹೋಗಿ, ತಡವಾಗಿ, ಒಮ್ಮೆಲೇ ಹೆಚ್ಚಾಗಿ ಹೋಗುತ್ತದೆ.

ಹೊಟ್ಟೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಇದೇ ಹಾರ್ಮೋನುಗಳು ಕರುಳಿನ ಮೇಲೂ ಕೆಲಸ ಮಾಡುತ್ತವೆ. ಪ್ರೊಜೆಸ್ಟರಾನ್ ಹೆಚ್ಚಾದಾಗ ಕರುಳಿನ ಚಲನೆ ನಿಧಾನವಾಗಿ ಹೊಟ್ಟೆ ಉಬ್ಬರಿಸುತ್ತದೆ, ಮಲ ಗಟ್ಟಿಯಾಗುತ್ತದೆ. ಮುಟ್ಟಿನ ದಿನ ಗರ್ಭಕೋಶವನ್ನು ಹಿಂಡುವ ರಾಸಾಯನಿಕಗಳು ಪಕ್ಕದಲ್ಲೇ ಇರುವ ಕರುಳನ್ನೂ ಹಿಂಡುತ್ತವೆ, ಅದಕ್ಕೇ ಭೇದಿ. ಹದಿನೆಂಟರಲ್ಲೂ ಇದು ಇತ್ತು. ನಲವತ್ತರ ನಂತರ ಹಾರ್ಮೋನಿನ ಏರಿಳಿತ ಜೋರಾಗಿ, ನಿದ್ದೆಯೂ ಕೆಟ್ಟು, ತೊಂದರೆ ಎದ್ದು ಕಾಣುತ್ತದೆ ಅಷ್ಟೆ.

ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ

ಹೊಟ್ಟೆಯ ತೊಂದರೆಗೆ ನಮ್ಮ ದಿನಚರಿಯ ಪಾಲೂ ದೊಡ್ಡದಿದೆ. ನಾಟಿ ದಿನಗಳಲ್ಲಿ ನಸುಕಿನಲ್ಲೇ ಒಂದು ಕಪ್ ಚಹಾ ಕುಡಿದು ಹೊರಟರೆ, ಬುತ್ತಿ ಬಿಚ್ಚುವ ಹೊತ್ತಿಗೆ ಹೊಟ್ಟೆ ಅರ್ಧ ದಿನ ಖಾಲಿ. ಗದ್ದೆಯಲ್ಲಿ ಮರೆಯಿಲ್ಲ ಅಂತ ನೀರೇ ಕುಡಿಯುವುದಿಲ್ಲ. ಮಲ ಬಂದರೂ ಸಂಜೆಯವರೆಗೆ ತಡೆದುಕೊಳ್ಳುತ್ತೇವೆ. ಮಲಬದ್ಧತೆಗೆ ಇನ್ನೇನು ಬೇಕು?

ಸೊಂಟ ನೋವಿಗೆ ಕಿರಾಣಿ ಅಂಗಡಿಯಿಂದ ತಂದು ಖಾಲಿ ಹೊಟ್ಟೆಗೆ ನುಂಗುವ ನೋವಿನ ಗುಳಿಗೆ ಇನ್ನೊಂದು ಶತ್ರು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ಜಠರದ ಒಳಪದರವನ್ನೇ ಕೆರೆಯುತ್ತವೆ, ಹುಣ್ಣು ಮಾಡುತ್ತವೆ. ಆ ಉರಿಗೆ ಮತ್ತೆ ಗ್ಯಾಸ್ ಗುಳಿಗೆ! ರಕ್ತ ಕಡಿಮೆ ಅಂತ ಕೊಡುವ ಕಬ್ಬಿಣದ ಗುಳಿಗೆಯಿಂದಲೂ ಮಲಬದ್ಧತೆ ಆಗುತ್ತದೆ, ಮಲ ಕಪ್ಪಾಗುತ್ತದೆ. ಹಾಗಂತ ಅದನ್ನು ನಿಲ್ಲಿಸಬೇಡಿ. ಹೊಟ್ಟೆಗೆ ಆಗದಿದ್ದರೆ ಊಟದ ನಂತರ ತಗೊಳ್ಳಿ, ಚಹಾ ಜೊತೆಗೆ ಮಾತ್ರ ಬೇಡ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಕಾಲುವೆ ಬಂದ ಮೇಲೆ ನಮ್ಮ ಕಡೆ ಅನ್ನ ಹೆಚ್ಚಾಯಿತು, ರೊಟ್ಟಿ ಕಡಿಮೆಯಾಯಿತು. ಒಂದು ಹೊತ್ತಾದರೂ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಕಾಳು ತಿನ್ನಿ. ಎಲುಬಿಗೆ ಎಳ್ಳು, ನುಗ್ಗೆಸೊಪ್ಪು, ಮೊಸರು ಒಳ್ಳೆಯದು. ನಸುಕಿನಲ್ಲಿ ಹೊರಡುವಾಗ ಅರ್ಧ ರೊಟ್ಟಿ ಮೊಸರಾದರೂ ಹೊಟ್ಟೆಗೆ ಹೋಗಲಿ. ಸಂಜೆಯ ಮಿರ್ಚಿ-ಮಂಡಕ್ಕಿ ಬಿಡಿ ಅಂದರೆ ನಮ್ಮ ಮೇಲೆ ಸಿಟ್ಟಾಗುತ್ತೀರಿ. ಎದೆ ಉರಿ ಇರುವ ದಿನವಾದರೂ ಬಿಡಿ.

ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ

ಮುಟ್ಟಿನ ಏರುಪೇರು, ಹೊಟ್ಟೆಯ ತೊಂದರೆ ಎರಡನ್ನೂ ಒಟ್ಟಿಗೆ ತರುವ ಬೇರೆ ಕಾರಣಗಳೂ ಇವೆ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಮುಟ್ಟೂ ಕೆಡುತ್ತದೆ, ಮಲಬದ್ಧತೆಯೂ ಆಗುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ದಿನಕ್ಕೊಂದು ಗುಳಿಗೆಯಲ್ಲಿ ಸರಿಹೋಗುತ್ತದೆ. ಗರ್ಭಕೋಶದಲ್ಲಿ ನಾರುಗಡ್ಡೆ ದೊಡ್ಡದಾಗಿದ್ದರೆ ರಕ್ತವೂ ಹೆಚ್ಚು ಹೋಗುತ್ತದೆ, ಕರುಳಿನ ಮೇಲೂ ಒತ್ತುತ್ತದೆ. ಅದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ.

ಇನ್ನೊಂದು ಮಾತು, ನಾಚಿಕೆ ಬಿಟ್ಟು ಕೇಳಿ. ನಲವತ್ನಾಲ್ಕಕ್ಕೆ ಮುಟ್ಟು ತಪ್ಪಿ, ವಾಕರಿಕೆ ಬಂದರೆ ಅದು ಬಸಿರೂ ಆಗಿರಬಹುದು. ಮಕ್ಕಳಾಗದ ಆಪರೇಷನ್ ಕೂಡ ಅಪರೂಪಕ್ಕೆ ವಿಫಲವಾಗುವುದುಂಟು. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಆಪರೇಷನ್ ಆಗದವರು, 12 ತಿಂಗಳು ಪೂರ್ತಿ ಮುಟ್ಟು ನಿಲ್ಲುವವರೆಗೆ ಎಚ್ಚರಿಕೆ ಬಿಡಬೇಡಿ.

ಆದ್ದರಿಂದ ಯಾವ ತೀರ್ಮಾನಕ್ಕೂ ಮುಂಚೆ ಇಷ್ಟು ಆಗಿರಬೇಕು: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ, ಬಸಿರಿನ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಗರ್ಭಕೊರಳಿನ ತಪಾಸಣೆ. 45ರ ಆಸುಪಾಸಿನಲ್ಲಿ ರಕ್ತ ತುಂಬಾ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸಬೇಕಾಗಬಹುದು. 'ಕ್ಯಾನ್ಸರ್ ಆದೀತು' ಎಂಬ ಮಾತಿಗೆ ಉತ್ತರ ಹೇಳುವುದು ಈ ಪರೀಕ್ಷೆಗಳೇ.

ಎಲ್ಲ ಸರಿಯಿದ್ದೂ ರಕ್ತ ಹೆಚ್ಚು ಹೋಗುತ್ತಿದ್ದರೆ ಮೊದಲ ಮದ್ದು ಕತ್ತರಿಯಲ್ಲ. ರಕ್ತ ಕಡಿಮೆ ಮಾಡುವ ಗುಳಿಗೆಗಳಿವೆ, ಹಾರ್ಮೋನು ಗುಳಿಗೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇದೆ. ಯಾರಿಗೆ ಯಾವುದು ಹೊಂದುತ್ತದೆ ಎನ್ನುವುದನ್ನು ಸ್ತ್ರೀರೋಗ ತಜ್ಞರೇ ಹೇಳಬೇಕು.

ಕಲಬುರಗಿಯ ಪಾಠ

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರೂ ದಲಿತ ಮಹಿಳೆಯರೂ ಹೊಟ್ಟೆ ನೋವು, ಸೊಂಟ ನೋವು, ಬಿಳಿ ಮುಟ್ಟು ಅಂತ ಆಸ್ಪತ್ರೆಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ಹೊರಬಿತ್ತು. ಮಹಿಳಾ ಮತ್ತು ಜನಾರೋಗ್ಯ ಸಂಘಟನೆಗಳು ಹಳ್ಳಿಹಳ್ಳಿ ತಿರುಗಿ ಮಾಹಿತಿ ಕಲೆಹಾಕಿದವು. ಆರೋಗ್ಯ ಇಲಾಖೆಯ ತನಿಖೆಯೂ ಅನಗತ್ಯ ಶಸ್ತ್ರಚಿಕಿತ್ಸೆ ನಡೆದದ್ದನ್ನು ಒಪ್ಪಿತು. ಎಷ್ಟೋ ಜನ ಇನ್ನೂ ನಲವತ್ತು ದಾಟಿರಲಿಲ್ಲ. ಅವರಿಗೂ ಹೇಳಿದ್ದು ಅದೇ ಮಾತು: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ.

ಇದು ನಮ್ಮ ರಾಜ್ಯದ ಕತೆ ಮಾತ್ರವಲ್ಲ. ರಾಜಸ್ಥಾನ, ಬಿಹಾರ, ಛತ್ತೀಸಗಡಗಳಲ್ಲಿ ನಡೆದ ಇಂಥವೇ ಪ್ರಕರಣಗಳ ಬಗ್ಗೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕೆಂದು ಕೋರ್ಟು 2023ರ ಏಪ್ರಿಲ್‌ನಲ್ಲಿ ಹೇಳಿತು. ಜಿಲ್ಲಾ ಮಟ್ಟದಲ್ಲೂ ಇದರ ಮೇಲೆ ಕಣ್ಣಿಡುವ ಸಮಿತಿ ಇರಬೇಕು ಎನ್ನುತ್ತದೆ ಮಾರ್ಗಸೂಚಿ. ಅನ್ಯಾಯವಾಗಿದೆ ಅನ್ನಿಸಿದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಲು ಹಿಂಜರಿಯಬೇಡಿ.

ಗರ್ಭಕೋಶ ತೆಗೆದ ಮೇಲೆ ಏನಾಗುತ್ತದೆ? ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮುಂಚೆಯೇ ಸೋಲಬಹುದು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೈ ಬಿಸಿ, ಬೆವರು, ನಿದ್ದೆಗೇಡು ದಿಢೀರನೆ ಶುರುವಾಗುತ್ತವೆ. ಸಣ್ಣ ವಯಸ್ಸಿನಲ್ಲೇ ತೆಗೆಸಿದವರಿಗೆ ಎಲುಬು ಸವೆಯುವುದು, ಹೃದಯದ ತೊಂದರೆ ಹೆಚ್ಚು. ಕೂಲಿ ನಂಬಿದ ಮನೆಯಲ್ಲಿ ತಾಯಿಯ ಎಲುಬು ಸವೆದರೆ ಮುಂದಿನ ನಾಟಿ ಯಾರು ಮಾಡಬೇಕು? ಮತ್ತೆ, ಉಬ್ಬರ ಇದ್ದದ್ದು ಕರುಳಿನಲ್ಲಿ. ಅದು ಅಲ್ಲೇ ಉಳಿಯುತ್ತದೆ.

ಹಾಗಂತ ಈ ಆಪರೇಷನ್ನೇ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆ ಇದ್ದಾಗ, ಯಾವ ಔಷಧಿಗೂ ರಕ್ತ ನಿಲ್ಲದಾಗ, ಗರ್ಭಕೋಶ ಕೆಳಕ್ಕೆ ಜಾರಿದಾಗ ಅದು ಬೇಕಾಗುತ್ತದೆ, ಎಷ್ಟೋ ಜೀವ ಉಳಿಸಿದೆ. ನಮ್ಮ ತಕರಾರು ಪರೀಕ್ಷೆ ಇಲ್ಲದ ಆತುರದ ಬಗ್ಗೆ.

ಇವಿದ್ದರೆ ಮಾತ್ರ ತಡಮಾಡಬೇಡಿ

* ಒಂದು ವರ್ಷ ಮುಟ್ಟು ನಿಂತ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ.
* ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ತೊಯ್ದು ಹೋಗುತ್ತಿದ್ದರೆ, 8 ದಿನ ದಾಟಿದರೂ ನಿಲ್ಲದಿದ್ದರೆ, ತಲೆ ಸುತ್ತಿ ಏದುಸಿರು ಬಂದರೆ.
* ಗಂಡ-ಹೆಂಡತಿ ಕೂಡಿದ ನಂತರ, ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಂಡರೆ.
* ಹೊಟ್ಟೆ ಉಬ್ಬರ ಮುಟ್ಟಿನ ಜೊತೆ ಬಂದು ಹೋಗದೆ ವಾರಗಟ್ಟಲೆ ದಿನವೂ ಇದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಪದೇ ಪದೇ ಮೂತ್ರಕ್ಕೆ ಓಡುವಂತಾದರೆ. ಅಂಡಾಶಯದ ಕ್ಯಾನ್ಸರ್ ಎಷ್ಟೋ ಸಲ 'ಗ್ಯಾಸ್' ವೇಷದಲ್ಲೇ ಬರುತ್ತದೆ. ಇಲ್ಲಿ ಗ್ಯಾಸ್ ಗುಳಿಗೆ ಬೇಡ, ಸ್ಕ್ಯಾನಿಂಗ್ ಬೇಕು.
* ಮಲದಲ್ಲಿ ರಕ್ತ ಬಂದರೆ, ಕಬ್ಬಿಣದ ಗುಳಿಗೆ ತಗೊಳ್ಳದೆಯೂ ಮಲ ಡಾಂಬರಿನಂತೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ.

ಒಂದು ಹಳೇ ನೋಟ್‌ಬುಕ್ ಸಾಕು

ಮರಳಿಯ ಅಕ್ಕ, ನಿಮಗೂ ನಿಮ್ಮಂಥವರಿಗೂ ಒಂದು ಸುಲಭದ ಕೆಲಸ ಹೇಳುತ್ತೇವೆ. ಮಕ್ಕಳ ಹಳೇ ನೋಟ್‌ಬುಕ್ಕೋ ಗೋಡೆಯ ಕ್ಯಾಲೆಂಡರೋ ತಗೊಳ್ಳಿ. ಮುಟ್ಟು ಬಂದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಬಟ್ಟೆ ಅನ್ನುವುದನ್ನು ಬರೆಯಿರಿ. ಹೊಟ್ಟೆ ಉಬ್ಬಿದ ದಿನಕ್ಕೆ ಒಂದು ಗುಂಡು ಗುರುತು ಹಾಕಿ. ಅವತ್ತು ಏನು ತಿಂದಿರಿ, ಯಾವ ಗುಳಿಗೆ ನುಂಗಿದಿರಿ ಅನ್ನುವುದೂ ಇರಲಿ. ಓದು-ಬರಹ ಬಾರದವರಿಗೆ ಮಗಳೋ ಸೊಸೆಯೋ ಬರೆದುಕೊಡಲಿ. ಮೂರು ತಿಂಗಳಲ್ಲಿ ಉಬ್ಬರ ಮುಟ್ಟಿನ ಹಿಂದೆ ಬರುತ್ತಿದೆಯೋ, ಗುಳಿಗೆಯ ಹಿಂದೆ ಬರುತ್ತಿದೆಯೋ ನಿಮಗೇ ಕಾಣುತ್ತದೆ. ಮೇಲಿನ ಪಟ್ಟಿಯಲ್ಲಿರುವ ಯಾವುದಾದರೂ ಲಕ್ಷಣ ಇದ್ದರೆ ಮಾತ್ರ ಮೂರು ತಿಂಗಳು ಕಾಯಬೇಡಿ, ನಾಳೆಯೇ ಹೋಗಿ.

ಆ ಪುಸ್ತಕ ಹಿಡಿದು ಗಂಗಾವತಿಯ ಸರಕಾರಿ ಆಸ್ಪತ್ರೆಗೋ ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಬಸ್ಸಿನ ಖರ್ಚಿಗಾಗಿ ನಿಲ್ಲದಿರಲಿ. ಆಶಾ ಅವರನ್ನು ಜೊತೆಗೆ ಕರೆದುಕೊಳ್ಳಿ. ಯಾರಾದರೂ 'ತೆಗೆಸಿಬಿಡ್ರಿ' ಅಂದರೆ ಈ ನಾಲ್ಕು ಮಾತು ಕೇಳಿ: ಯಾವ ರೋಗಕ್ಕೆ? ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು? ಗುಳಿಗೆಯಲ್ಲಿ ಆಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಒಳ್ಳೆಯ ಡಾಕ್ಟರು ಸಿಟ್ಟಾಗದೆ ಉತ್ತರ ಹೇಳುತ್ತಾರೆ.

ಮನೆಯ ಗಂಡಸರಿಗೂ ಒಂದು ಮಾತು. ನಾಟಿಯೊಳಗೆ ಮುಗಿಸಬೇಕು ಅನ್ನುವ ಅವಸರ ಬೇಡ. ಹೊಲದ ಕೆಲಸ ಪ್ರತಿ ಹಂಗಾಮಿಗೂ ಬರುತ್ತದೆ. ತೆಗೆದ ಅಂಗ ಮತ್ತೆ ಬರುವುದಿಲ್ಲ.

ಅಕ್ಕಾ, ಸಂಘದ ಸಾಲ ಸದ್ಯಕ್ಕೆ ಎತ್ತಬೇಡಿ. ಮೊದಲು ಪರೀಕ್ಷೆ ಮಾಡಿಸಿ. ವರದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇವೆ.