ಸಾಲಿಯಲ್ಲಿದ್ದೂ ಇಲ್ಲದ ಮಕ್ಕಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಪಾಠದಲ್ಲಿ ಮನಸ್ಸಿಡದ ಮಗುವಿಗೆ ಎರಡೇ ಹೆಸರು. ಕುಂತಲ್ಲಿ ಕೂಡದಿದ್ದರೆ ಉಡಾಳ, ಕುಂತಲ್ಲೇ ಎಲ್ಲೋ ಕಣ್ಣು ನೆಟ್ಟಿದ್ದರೆ ದಡ್ಡ. ಎರಡಕ್ಕೂ ಮದ್ದು ಒಂದೇ, ಪೆಟ್ಟು. ಪೆಟ್ಟಿಗೂ ಬಗ್ಗದಿದ್ದರೆ ಗಾಳಿ ಸೋಕಿದೆಯೆಂದು ದೇವಲ ಗಾಣಗಾಪುರಕ್ಕೋ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೋ ಕರೆದೊಯ್ಯುವವರಿದ್ದಾರೆ. ಅದನ್ನು ಹೀಯಾಳಿಸಲು ನನಗೆ ಮನಸ್ಸಿಲ್ಲ. ಆಗುತ್ತಿರುವುದು ಮಗುವಿನ ಕೈಮೀರಿದ್ದು ಎಂದು ಅಲ್ಲಿ ಒಪ್ಪುತ್ತಾರಲ್ಲ. ಬೆತ್ತಕ್ಕೆ ಅಷ್ಟೂ ತಿಳಿಯದು.

ಪಟ್ಟಣಗಳಲ್ಲಿ ಈಗ ಮೂರನೆಯ ಹೆಸರು ಬಂದಿದೆ: ಎಡಿಎಚ್‌ಡಿ. ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ ಎಂದರ್ಥ. ಇದರ ಚರಿತ್ರೆಯೂ ಬೈಗುಳದಿಂದಲೇ ಶುರುವಾದದ್ದು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚುರುಕಿದ್ದೂ ಹತೋಟಿಗೆ ಬಾರದ ಮಕ್ಕಳನ್ನು ಬಣ್ಣಿಸಿ, ಅದನ್ನು ನೈತಿಕ ಹಿಡಿತದ ಕೊರತೆಯೆಂದು ಕರೆದ. ಮೊದಲ ಮಹಾಯುದ್ಧದ ಕಾಲಕ್ಕೆ ಮಿದುಳಿನ ಉರಿಯೂತದ ಪಿಡುಗು ಹಬ್ಬಿ, ಬದುಕುಳಿದ ಮಕ್ಕಳಲ್ಲಿ ಅದೇ ಚಡಪಡಿಕೆ ಕಂಡಾಗ ವೈದ್ಯರ ಕಣ್ಣು ಮಿದುಳಿನತ್ತ ತಿರುಗಿತು. ಮುಂದೆ ಗಾಯವೇ ಕಾಣದ ಮಕ್ಕಳಿಗೂ 'ಮಿದುಳಿಗೆ ಅಲ್ಪ ಗಾಯ' ಎಂಬ ಚೀಟಿ ಅಂಟಿತು. ಈಗ ತಿಳಿದಿರುವುದು ಹೆಚ್ಚು ನಯವಾದದ್ದು. ಇದರಲ್ಲಿ ವಂಶವಾಹಿಗಳ ಪಾಲು ಬಹಳ ದೊಡ್ಡದು. ದಿನ ತುಂಬದೆ, ತೂಕ ಕಡಿಮೆಯಾಗಿ ಹುಟ್ಟಿದ ಮಕ್ಕಳಲ್ಲಿ ಸಾಧ್ಯತೆ ಜಾಸ್ತಿ. ಮಿದುಳಿನ ಹೊರಪದರ ಬಲಿಯುವುದು ಈ ಮಕ್ಕಳಲ್ಲಿ ಸುಮಾರು ಮೂರು ವರ್ಷ ತಡ ಎಂದು 2007ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಆದರೆ ಇವೆಲ್ಲ ನೂರಾರು ಮಕ್ಕಳ ಸರಾಸರಿಯಲ್ಲಿ ಕಾಣುವ ಮಾತು. ಒಂದು ಮಗುವಿನ ಸ್ಕ್ಯಾನ್ ತೆಗೆದು 'ಇದೇ' ಎಂದು ಹೇಳಲು ಬಾರದು.

ಹಾಗಾದರೆ ಇದು ನರದ ಕಾರಣವೋ ಬಡತನದ ಕಾರಣವೋ? ಪ್ರಶ್ನೆಯೇ ತಪ್ಪೆಂದು ನನ್ನ ವಾದ. ಗಮನ ಹಿಡಿದಿಡಲು ನೆರವಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ಮಿದುಳು ತಯಾರಿಸಲು ಕಬ್ಬಿಣ ಬೇಕು, ನರತಂತುಗಳ ಹೊದಿಕೆ ಕಟ್ಟಲೂ ಬೇಕು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65ಕ್ಕೆ ರಕ್ತಹೀನತೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತೊಗರಿ ಬೆಳೆಯುವ ನಾಡಿದು, ಬ್ಯಾಳಿಯಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಕಾಳಿನ ಕಬ್ಬಿಣವನ್ನು ಕರುಳು ಹೀರುವುದೇ ಕಡಿಮೆ, ಉಂಡ ಕೂಡಲೇ ಚಾ ಕುಡಿದರೆ ಇನ್ನೂ ಕಡಿಮೆ. ಕಬ್ಬಿಣದ ಗುಳಿಗೆ ನುಂಗಿಸಿದರೆ ಉಡಾಳರೆಲ್ಲ ಕುಂತು ಓದುತ್ತಾರೆಂದು ಯಾರೂ ಹೇಳಲಾರರು. ಎಳೆತನದಲ್ಲಿ ಬಿದ್ದ ಕೊರತೆ ಆಮೇಲೆ ಪೂರ್ತಿ ತುಂಬದೆಯೂ ಉಳಿಯಬಹುದು. ಆದರೂ ಬಸುರಿಯ ತಟ್ಟೆಯಲ್ಲಿ ಏನಿತ್ತು ಎಂಬುದು ಏಳು ವರ್ಷದ ನಂತರ ಮಗ್ಗಿಯ ಹೊತ್ತಿನಲ್ಲಿ ಕಾಣಿಸಿಕೊಳ್ಳಬಲ್ಲದು. ಅದು ನರದ ಕಾರಣವೂ ಹೌದು, ಬಡತನದ್ದೂ ಹೌದು.

ನನಗೆ ಹೆಚ್ಚು ಕಳವಳ ದಡ್ಡ ಎನಿಸಿಕೊಂಡ ಮಗುವಿನ ಬಗ್ಗೆ. ಉಡಾಳನನ್ನು ಎಲ್ಲರೂ ನೋಡುತ್ತಾರೆ, ಅವನು ಬಿಡುವುದಿಲ್ಲ. ಸುಮ್ಮನಿರುವ ಹುಡುಗಿಯ ದೂರು ಯಾರ ಕಿವಿಗೂ ಬೀಳದು. ಆ ಮೌನದ ಹಿಂದೆ ಬೇರೆಯೇ ರೋಗವೂ ಇರಬಹುದು. ಮೂರ್ಛೆರೋಗದಲ್ಲಿ ಒಂದು ಬಗೆಯಿದೆ: ಮಗು ಬೀಳುವುದಿಲ್ಲ, ನೊರೆ ಕಾರುವುದಿಲ್ಲ. ಹತ್ತಿಪ್ಪತ್ತು ಸೆಕೆಂಡು ಕಣ್ಣು ನೆಟ್ಟು ನಿಂತು, ರೆಪ್ಪೆ ಅದುರಿಸಿ, ಏನೂ ಆಗದಂತೆ ಮತ್ತೆ ಬರೆಯತೊಡಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಲೆಕ್ಕದ ನಡುವಿನ ಸಾಲುಗಳೇ ಮಾಯ. ಫಿಟ್ಸ್ ಎಂದರೆ ಒದ್ದಾಡುವುದು ಎಂದೇ ತಿಳಿದ ಮನೆಯಲ್ಲಿ ಇದು ಯಾರ ತಲೆಗೂ ಹೊಳೆಯದು. ವೈದ್ಯರು ಮಗುವಿನಿಂದ ಎರಡು ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ ಎದುರಿಗೇ ಕಾಣಬಹುದು, ಮಿದುಳಿನ ವಿದ್ಯುತ್ತಿನ ಅಲೆ ದಾಖಲಿಸುವ ಇಇಜಿಯಲ್ಲಿ ಖಚಿತವಾಗುತ್ತದೆ, ಔಷಧಕ್ಕೆ ಬಹುತೇಕ ಮಕ್ಕಳಲ್ಲಿ ಹತೋಟಿಗೂ ಬರುತ್ತದೆ. ಕಿವಿ ಸೋರಿ ಸೋರಿ ಅರ್ಧ ಕೇಳಿಸುವ ಮಗುವೂ ಇದೇ ಬೆಂಚಿನಲ್ಲಿ ಕುಂತಿರುತ್ತದೆ.

ಎಡಿಎಚ್‌ಡಿ ಎನ್ನಲು ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಮನೆ, ಸಾಲಿಯಂಥ ಎರಡು ಕಡೆಯಾದರೂ ಕಾಣಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮವೇ. ಆದರೆ ಅದನ್ನು ಬರೆದವರ ಕಣ್ಣಮುಂದೆ ಗುಳೆ ಇರಲಿಲ್ಲ. ಅವ್ವ ಅಪ್ಪ ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರೆ ಮಗು ಕೆಲಕಾಲ ಅಜ್ಜಿಯ ಬಳಿ, ಕೆಲಕಾಲ ತಗಡಿನ ಶೆಡ್ಡಿನಲ್ಲಿ. ಆರು ತಿಂಗಳು ಒಂದೇ ಕಡೆ ಅದನ್ನು ನೋಡಿದವರು ಯಾರು? ಅವ್ವನ ನೆನಪಿಗೆ ಮನಸ್ಸು ಅಲೆದರೆ ಅದಕ್ಕೆ ರೋಗದ ಹೆಸರು ಕೊಡುವುದೂ ಅನ್ಯಾಯ. ಗುಳೆಯ ಮಗು ಎಂದು ನಿಜವಾದ ತೊಂದರೆಯನ್ನು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ.

ಸರ್ಕಾರದ ಯೋಜನೆ ಇಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಗಮನದ ಕೊರತೆಯೂ ಸೇರಿದೆ. ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸಾಲಿಗೆ ಒಂದು ಸಲ ಬರಬೇಕು. ಹಲ್ಲು, ಕಣ್ಣು, ತೂಕ ಆ ಒಂದು ದಿನದಲ್ಲಿ ನೋಡಿಯಾವು. ಹದಿನೈದು ಸೆಕೆಂಡಿನ ಮೌನ ಅವರು ಬಂದ ಹೊತ್ತಿಗೇ ಆಗಬೇಕೆಂದರೆ ಹೇಗೆ? ವರ್ಷವಿಡೀ ಆ ಮಗುವಿನ ಎದುರು ನಿಲ್ಲುವವರು ಮಾಸ್ತರರು, ಬಾಯಾರು. ಯಾವ ಹೊತ್ತಿನಲ್ಲಿ ಮೈಮರೆಯಿತು, ಹೆಸರು ಕೂಗಿದರೆ ಓಗೊಟ್ಟಿತೇ, ಮೈ ಮುಟ್ಟಿದರೆ ಎಚ್ಚರಾಯಿತೇ, ಬಿಸಿಯೂಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ ಊರಲ್ಲಿರಲಿಲ್ಲ — ಇಷ್ಟು ಬರೆದ ಒಂದು ಹಾಳೆಯನ್ನು ಅಜ್ಜಿಯ ಕೈಗಿತ್ತು ಕಳಿಸಿದರೆ, ಕಲಬುರಗಿಯ ಆಸ್ಪತ್ರೆಯ ಸರದಿಯಲ್ಲಿ ಸಿಗುವ ಐದು ನಿಮಿಷದೊಳಗೆ ಡಾಕ್ಟರು ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ತೀರ್ಮಾನಿಸಬಲ್ಲರು.